ಹಗೇವಿನ ಕಂದೀಲು

ಅಲ್ಲಿ ಬೇಡ, ಎರಡು ಮೊಳ ಆಚೆ ಅಗಿ ಎಂದು ಶಿವಪುತ್ರ ಹೇಳಬೇಕು ಎನ್ನುವಷ್ಟರಲ್ಲಿ ಸಾಬಣ್ಣನ ಹಾರೆ ಕಲ್ಲಿಗೆ ಬಡಿದಿತ್ತು. ಮಣ್ಣಲ್ಲಿ ಹೂತ ಕಲ್ಲಿನ ಸದ್ದಲ್ಲ ಅದು. ಕೆಳಗೆ ಏನೂ ಇಲ್ಲದ ಕಲ್ಲಿನ ಸದ್ದು.

"ಹಗೇವು, ಅಣ್ಣಾರ," ಎಂದ ಸಾಬಣ್ಣ. ತಲೆ ಎತ್ತಲಿಲ್ಲ. "ನಮ್ಮ ಹಗೇವು."

ನೆಲದಡಿಯ ಕಾಳಿನ ಕಣಜಕ್ಕೂ ನಮ್ಮ ಎಂದ. ಸಾಬಣ್ಣ ಯಾವಾಗಲೂ ಹೀಗೆಯೇ. ನಮ್ಮ ಮನಿ, ನಮ್ಮ ಎಮ್ಮಿ, ನಮ್ಮ ಶಿವಪುತ್ರಣ್ಣಾರು ಜಮಖಂಡಿ ಕಾಲೇಜಿನ್ಯಾಗ ಕೆಮಿಸ್ಟ್ರಿ ಕಲಸ್ತಾರ. ತೇರದಾಳದ ಬಸ್‌ಸ್ಟ್ಯಾಂಡಿನಲ್ಲಿ ಗುರುತಿಲ್ಲದವರ ಮುಂದೂ ಹೇಳುತ್ತಾನೆ. ಶಿವಪುತ್ರ ಪಕ್ಕದಲ್ಲಿದ್ದರೆ ಬಸ್ಸಿನ ಬೋರ್ಡು ಓದುತ್ತ ನಿಲ್ಲುತ್ತಾನೆ.

ಗೋಬರ್ ಗ್ಯಾಸಿನ ಗುಂಡಿ ಕೊಟ್ಟಿಗೆಯ ಹಿಂದೆ. ಅಡಿಗೆಮನೆ ಈಚೆ. ನಡುವೆ ಗೇಟಿನಿಂದ ಕಾರು ಬರುವ ಫರಸಿ ಕಲ್ಲು ಹಾಸಿದ ದಾರಿ. ಪೈಪು ಅದರ ಕೆಳಗೇ ಹೋಗಬೇಕು. ಬನಹಟ್ಟಿಯ ಫಿಟ್ಟರ್ ಅಂದಾನೆಪ್ಪ ಶುಕ್ರವಾರವೇ ಬಂದು ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ಹೋಗಿದ್ದ. ಗೆರೆ ಎಲ್ಲಿ ಹಾಯುತ್ತದೆಂದು ಶಿವಪುತ್ರನಿಗೆ ಆವತ್ತೇ ಕಂಡಿತ್ತು. ಎರಡು ದಿನ ಅದನ್ನು ದಾಟಿಯೇ ಓಡಾಡಿದ. ಬೇರೆ ಕಡೆ ಎಳೆ ಎಂದರೆ ಕಾರಣ ಏನೆಂದು ಹೇಳುವುದು?

ಅಗೆಯಲು ಬೇರೆ ಆಳನ್ನು ಗೊತ್ತು ಮಾಡಿದ್ದ. ಬೆಳಿಗ್ಗೆ ಸಾಬಣ್ಣ ಬಂದವನೇ ಆ ಆಳನ್ನು ವಾಪಸು ಕಳಿಸಿದ. "ನಮ್ಮನ್ಯಾಗ ಅಗ್ಯಾಕ ಮಂದಿ ಯಾಕ್ರೀ, ನಾ ಏನು ಸತ್ತೀನೇನು?" ಕೂಲಿಯ ಮಾತೆತ್ತಿದರೆ ಮುಖ ತಿರುಗಿಸುತ್ತಾನೆ. ಕೊಡದಿದ್ದರೆ ಶಿವಪುತ್ರನಿಗೆ ಊಟ ಸೇರುವುದಿಲ್ಲ. ಕಡೆಗೆ ಅವನು ತೆಗೆದುಕೊಳ್ಳುವುದಿಲ್ಲ, ಇವನ ಊಟವೂ ಆಗುತ್ತದೆ.

ಪೈಪಿನೊಂದಿಗೆ ಬಂದಿದ್ದ ಅಂದಾನೆಪ್ಪ ಸುತ್ತಿಗೆಯಿಂದ ಕಲ್ಲು ಬಡಿದು ನೋಡಿದ. "ಚಪ್ಪಡಿ ಸೀಳೇತ್ರಿ, ಸರ. ಇಷ್ಟ ವರ್ಷ ಇದರ ಮ್ಯಾಲ ಕಾರ ಓಡಿಸೀರಿ? ಖರೇ ಹೇಳ್ತೀನಿ, ನಿಮಗ ಗಟ್ಟಿ ಎದಿ ಐತಿ."

"ಗೊತ್ತಿರಲಿಲ್ಲ."

"ಗೊತ್ತಿಲ್ಲದವರದ ಎದಿ ಗಟ್ಟಿ." ಅಂದಾನೆಪ್ಪ ತನ್ನ ಮಾತಿಗೆ ತಾನೇ ನಕ್ಕ. "ಒಳಗ ಗ್ವಾಡಿ ಗಟ್ಟಿ ಅದಾವಿಲ್ಲೋ ಯಾರರೆ ಇಳದು ನೋಡಬೇಕ್ರಿ. ಗಟ್ಟಿ ಇದ್ರ ಪೈಪು ನೆಟ್ಟಗ ಮ್ಯಾಲಿಂದ ಒಯ್ತೀನಿ. ಇಲ್ಲಂದ್ರ ಸುತ್ತ ಹಾಕಬೇಕು, ಎರಡು ಎಲ್ಬೋ ಬೇಕು. ಹೆಂಗೂ ಇರ್ಲಿ, ತರ್ತೀನಿ." ಅವನ ಬೈಕು ಗೇಟು ದಾಟಿ ಹೋಯಿತು.

ಇಬ್ಬರೇ ಉಳಿದರು.

"ನಾ ಇಳೀತೀನ್ರಿ," ಎಂದ ಸಾಬಣ್ಣ. "ಅಪ್ಪನ ಸೇರು ಒಳಗ ಐತಿ. ಅವ್ವ ಈಗೀಗ ದಿನಾ ಕೇಳಾಕತ್ತಾಳ. ಕಣ್ಣು ಕಾಣೂದಿಲ್ಲ, ಕೈಲೆ ಮುಟ್ಟಿ ನೋಡ್ತೀನಿ ಅಂತಾಳ."

ಮೂವತ್ತೊಂದು ವರ್ಷದಿಂದ ಅದು ಒಳಗೇ ಇದೆ. ಹಗೇವಿನ ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಹೊಟ್ಟೆ ಮಾತ್ರ ಒಂದು ಖೋಲಿಯಷ್ಟು ದೊಡ್ಡದು, ವರ್ಷದ ಜೋಳ ನುಂಗುವಂಥದು. ಮುಚ್ಚಿಟ್ಟ ಕಾಳು ಒಳಗೇ ಉಸಿರಾಡಿ ಗಾಳಿ ಕೆಡುತ್ತದೆ. ಅದಕ್ಕೇ ಬಾಯಿ ತೆರೆದು, ಮೊದಲು ಉರಿಯುವ ಕಂದೀಲು ಇಳಿಬಿಡುವುದು. ಉರಿದರೆ ಮನುಷ್ಯ ಇಳಿಯಬೇಕು. ಆರಿದರೆ ಇಳಿಯಬಾರದು. ಇಷ್ಟೇ ಶಾಸ್ತ್ರ. ಅಕ್ಷರ ಬಾರದವರು ಮಾಡಿದ್ದು.

ಸೇರು ಒಳಗೇ ಉಳಿದ ದಿನ ಶಿವಪುತ್ರನ ಅಕ್ಕನನ್ನು ನೋಡಲು ಬೀಗರಾಗುವವರು ಬಂದಿದ್ದರು. ಹಿಟ್ಟು ತೀರಿತ್ತು. ಮನೆಯ ಆಳು ದಶರಥ, ಸಾಬಣ್ಣನ ಅಪ್ಪ, ಹಗ್ಗ ಚೀಲ ಸರಿ ಮಾಡುತ್ತ ಕಂದೀಲನ್ನು ಹನ್ನೊಂದು ವರ್ಷದ ಶಿವಪುತ್ರನ ಕೈಗೆ ಕೊಟ್ಟ. "ಬಿಡಪಾ, ಹಗೂರ ಬಿಡು." ಕಂದೀಲು ಅರ್ಧಕ್ಕೆ ಇಳಿದು ಆರಿತು. ಮೇಲೆಳೆದುಕೊಂಡ. ಗಾಳಿಗೆ ಆರಿರಬೇಕು ಎಂದುಕೊಂಡ. ಕಡ್ಡಿಪೆಟ್ಟಿಗೆ ಅಡಿಗೆಮನೆಯಲ್ಲಿತ್ತು. ಒಳಗಿನಿಂದ ಅವ್ವ ಎರಡು ಸಲ ಕೂಗಿಯಾಗಿತ್ತು.

"ಉರೀತೇನೋ?" ಎಂದ ದಶರಥ.

"ಉರೀತು. ಮ್ಯಾಲ ಬಂದ ಮ್ಯಾಲ ನಾನ ಆರಿಸಿದೆ."

ದಶರಥ ಬಂದು ನೋಡಲಿಲ್ಲ. ಕಾಳು ಅಳೆಯುವ ಹಿತ್ತಾಳೆಯ ಸೇರು ಹಿಡಿದು ಇಳಿದ.

ಅವನನ್ನು ಮೇಲೆಳೆದರು. ಸೇರು ಕೆಳಗೇ ಉಳಿಯಿತು. ಆ ಜೋಳ ಯಾರೂ ತಿನ್ನಲಿಲ್ಲ, ಚಪ್ಪಡಿ ಮುಚ್ಚಿದರು. ಕಂದೀಲು ಉರಿದಿತ್ತು, ಆದರೂ ಹೋದ, ದೇವರು ಕರೆದ ಎಂದರು ಊರಿನವರು. ಕಂದೀಲು ಉರಿದಿತ್ತು ಎಂದಮೇಲೆ ತಪ್ಪು ಯಾರದೂ ಅಲ್ಲ. ಶಿವಪುತ್ರನ ಅಪ್ಪ ಬಾವಿಯ ಪಕ್ಕದ ಒಂದು ಎಕರೆಯನ್ನು ದಶರಥನ ಹೆಂಡತಿ ಲಗಮವ್ವನ ಹೆಸರಿಗೆ ಬರೆದುಕೊಟ್ಟ. ಅಂದಿನಿಂದ ಲಗಮವ್ವ ಈ ಮನೆಯ ಹೊಸ್ತಿಲಿಗೆ ಕೈ ಮುಟ್ಟಿಸಿ ಕಣ್ಣಿಗೆ ಒತ್ತಿಕೊಳ್ಳದೆ ಒಳಗೆ ಬಂದವಳಲ್ಲ. ಪ್ರತಿ ಪುಷ್ಯಮಾಸದಲ್ಲಿ ಆ ಎಕರೆಯ ಮೊದಲ ಸೀತನಿ ಇವರ ಮನೆಗೇ. ಸುಟ್ಟು ಉದುರಿಸಿದ ಎಳೆ ಜೋಳ, ಬಿಸಿ ಆರುವ ಮೊದಲು ತರಬೇಕೆಂದು ಓಡೋಡಿ ಬರುತ್ತಿದ್ದಳು.

ಸೀತನಿ ಗಂಟಲಲ್ಲಿ ಇಳಿಯದಿದ್ದರೆ ಎಷ್ಟು ಚೆನ್ನಾಗಿತ್ತು. ಇಳಿಯುತ್ತಿತ್ತು. ರುಚಿಯಾಗಿಯೂ ಇರುತ್ತಿತ್ತು.

ಪ್ರತಿ ವರ್ಷ ಪಿಯುಸಿ ತರಗತಿಯಲ್ಲಿ ಶಿವಪುತ್ರ ಉರಿಯುವ ಮೇಣಬತ್ತಿಯ ಮೇಲೆ ಗಾಜಿನ ಜಾಡಿ ಬೋರಲು ಹಾಕುತ್ತಾನೆ. ಜ್ವಾಲೆ ಸಣ್ಣದಾಗಿ ಆರುತ್ತದೆ. ಜ್ವಾಲೆ ಸುಳ್ಳು ಹೇಳುವುದಿಲ್ಲ ಎನ್ನುತ್ತಾನೆ. ಹುಡುಗರು ಬರೆದುಕೊಳ್ಳುತ್ತಾರೆ.

ಹೆಂಡತಿ ರತ್ನಾಬಾಯಿ ಕಂದೀಲು ತಂದಳು. ಕರೆಂಟು ನೆಚ್ಚುವಂತಿಲ್ಲದ ಊರಲ್ಲಿ ಅದು ಸದಾ ಸಿದ್ಧ. ಹಚ್ಚಿ ಕೊಟ್ಟು, "ಸಾಬಣ್ಣಾ, ಗ್ಯಾಸ್ ಬರ್ಲಿ, ಮೊದಲ ಚಾ ನಿನಗ," ಎಂದಳು.

"ಆತ್ರೀ ವೈನಿ. ಸಕ್ರಿ ಹೆಚ್ಚ ಹಾಕ್ರಿ. ಅಣ್ಣಾರ ಮನಿ ಚಾ ಅಂದ್ರ ಔಷಧ ಇದ್ದಂಗ."

ಅವಳು ನಕ್ಕು ಒಳಗೆ ಹೋದಳು. ಇಬ್ಬರೂ ಸೇರಿ ಚಪ್ಪಡಿ ಸರಿಸಿದರು. ಹಳೆಯ ಮಣ್ಣಿನ, ಹುಳಿತು ಒಣಗಿದ ವಾಸನೆ ಮೇಲೆ ಬಂತು. ಒಂದು ತಾಸು ಬಿಟ್ಟರು. ಆಮೇಲೆ ಸಾಬಣ್ಣ ಅಂಗಿ ಕಳಚಿ, ತುಸು ದೂರ ನಿಂತು ಸೊಂಟಕ್ಕೆ ಹಗ್ಗ ಸುತ್ತತೊಡಗಿದ. "ನೀವ ಬಿಡ್ರಿ ಕಂದೀಲ. ಅವತ್ತೂ ನೀವ ಬಿಟ್ಟಿದ್ರೆಲ್ಲ."

ಅವನ ದನಿಯಲ್ಲಿ ಚುಚ್ಚು ಏನೂ ಇರಲಿಲ್ಲ. ಶಿವಪುತ್ರ ಹುಡುಕಿದ. ಏನೂ ಇರಲಿಲ್ಲ.

ಹೊಟ್ಟೆಯ ಮೇಲೆ ಮಲಗಿ, ಬಾಯಿಯೊಳಗೆ ತಲೆ ಹಾಕಿ, ಹಗ್ಗ ಬಿಟ್ಟ. ಕಂದೀಲು ಕತ್ತು ದಾಟಿತು. ಅರ್ಧಕ್ಕೆ ಬಂತು. ಉರಿಯುತ್ತಿತ್ತು. ಇನ್ನೂ ಇಳಿಯಿತು. ತಳ ಮುಟ್ಟಿ ನೆಟ್ಟಗೆ ನಿಂತಿತು. ಜ್ವಾಲೆ ಅಲ್ಲಾಡಲಿಲ್ಲ. ಸೀಳಿದ ಚಪ್ಪಡಿಯಿಂದ ವರ್ಷಗಟ್ಟಲೆ ಗಾಳಿ ಹೋಗಿತ್ತು, ಅಷ್ಟೇ.

ಗೋಡೆ ಗಟ್ಟಿಯಿತ್ತು. ತಳದಲ್ಲಿ ಬೂದಿಯಂತೆ ಕಪ್ಪಾದ ಜೋಳ. ಅದರ ಮೇಲೆ, ಬೆಳಕಿನಿಂದ ಒಂದು ಗೇಣು ಆಚೆ, ಸೇರು. ಈಗ ಬಂದೆ ಎಂದು ಯಾರೋ ಇಟ್ಟು ಹೋದ ಹಾಗೆ.

ಮೈ ಹಗುರಾಯಿತು. ಯಾರಿಗಾದರೂ ಕೈಮುಗಿಯಬೇಕು ಅನಿಸಿತು ಅವನಿಗೆ. ಈ ದೀಪಕ್ಕೆ, ಈ ಸೀಳಿಗೆ, ಬನಹಟ್ಟಿಗೆ ಹೋದ ಅಂದಾನೆಪ್ಪನಿಗೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕಿತ್ತು. ಸಾಬಣ್ಣ ಇಳಿಯುತ್ತಾನೆ, ಸೇರು ತರುತ್ತಾನೆ, ಮುದುಕಿ ಮುಟ್ಟಿ ನೋಡುತ್ತಾಳೆ.

"ಉರೀತೇನ್ರೀ, ಅಣ್ಣಾರ?"

ಬಾಯಿ ತೆರೆದ. ಹೇಳಬೇಕಾದ ಮಾತು ನಾಲಿಗೆಯ ಮೇಲೇ ಇತ್ತು. ಅದೇ ಮಾತು. ಅವತ್ತಿನದೇ. ಮೂವತ್ತೊಂದು ವರ್ಷ ಆದಮೇಲೆ ನಿಜವಾಗಿ ಬಂದು ನಿಂತಿತ್ತು, ಆದರೂ ಒಂದಕ್ಷರ ಬದಲಾಗಿರಲಿಲ್ಲ.

"ಆರಿತು," ಎಂದ.

ಬೆರಳು ಸಡಿಲವಾದವು. ಹಗ್ಗ ಹಾವಿನ ಹಾಗೆ ಸರಿದು ಒಳಗೆ ಹೋಯಿತು. ಕೆಳಗೆ ಕಂದೀಲು ಹಾಗೆಯೇ ಉರಿಯುತ್ತಿತ್ತು. "ಕೈ ಜಾರಿತು," ಎಂದ. ಎದ್ದು ಬಾಯಿಗೆ ಅಡ್ಡ ನಿಂತ.

ಅಡ್ಡ ನಿಲ್ಲುವ ಅಗತ್ಯವಿರಲಿಲ್ಲ. ಸಾಬಣ್ಣ ಬಂದು ನೋಡಲಿಲ್ಲ. ಸುತ್ತಿದ ಹಗ್ಗವನ್ನು ನಿಧಾನವಾಗಿ ಬಿಚ್ಚಿದ.

"ನೋಡ್ರಿ, ಅಪ್ಪಗ ಉರೀತು, ಹ್ವಾದ. ನನಗ ಆರಿತು, ಉಳದೆ." ಮಣ್ಣು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. "ನೀವು ಇದ್ರಿ ಅಂತ."

"ಸೇರು?"

"ಇರ್ಲಿ ಬಿಡ್ರಿ. ಅಣ್ಣಾರು ತಡದ್ರು ಅಂತ ಅವ್ವಗ ಹೇಳ್ತೀನಿ. ಸಮಾಧಾನ ಆಗ್ತಾಳ. ಸೇರು ಯಾರಿಗೆ ಬೇಕು, ಮಗ ಬೇಕಲ್ಲ."

"ಸಾಬಣ್ಣಾ—"

"ಹಾಂ ಅಣ್ಣಾರ."

"ಚಪ್ಪಡಿ ಹಿಡಿ."

ಸಾಬಣ್ಣ ಒಳಗೆ ಇಣುಕದೆ ಆಚೆ ತುದಿ ಹಿಡಿದು ಎಳೆದ. ಅಂದಾನೆಪ್ಪ ಬಂದು ಪೈಪನ್ನು ಹಗೇವಿನ ಸುತ್ತ ತಿರುಗಿಸಿ ಒಯ್ದ. "ನೆಟ್ಟಗ ಹೋಗೂ ಪೈಪು ನೋಡ್ರಿ, ನಿಮ್ಮ ಮನ್ಯಾಗ ಡೊಂಕಾತು," ಎಂದು ಗೊಣಗಿದ. ಇಳಿಜಾರು ನೋಡಿ ಮಣ್ಣು ಮುಚ್ಚಿದರು. ಚಪ್ಪಡಿಯ ಸೀಳಿಗೂ ಅಂಚಿಗೂ ಸಿಮೆಂಟು ಮೆತ್ತಿ ಮತ್ತೆ ಫರಸಿ ಕೂಡಿಸಿದರು. ಒಣಗುವ ತನಕ ಕಾರು ಹೊರಗೇ ಇರಲಿ ಎಂದ ಅಂದಾನೆಪ್ಪ. ಸಾಬಣ್ಣ ಟವೆಲ್ಲಿನ ಗಂಟಿನಿಂದ ಬೀರಪ್ಪನ ಭಂಡಾರ ತೆಗೆದು ಆ ಫರಸಿಯ ಮೇಲೆ ಚೆಲ್ಲಿದ. ಉಳಿದ ಅರಿಸಿನವನ್ನು ಶಿವಪುತ್ರನ ಹಣೆಗೆ ಬಳಿದ. ಶಿವಪುತ್ರ ಹಣೆ ಬಗ್ಗಿಸಿದ. ಬಗ್ಗಿಸದೆ ಬೇರೆ ದಾರಿ ಇರಲಿಲ್ಲ.

ಸಂಜೆ ಒಲೆ ಹಚ್ಚಿದರು. ಕಿಟಕಿಯಿಂದ ಇಳಿಬಿಸಿಲು ನೇರ ಒಲೆಯ ಮೇಲೆ ಬೀಳುತ್ತಿತ್ತು. ತೆಳು ನೀಲಿ ಜ್ವಾಲೆ ಅದರಲ್ಲಿ ಕಾಣುತ್ತಿರಲಿಲ್ಲ.

"ಉರಿಯಾಕತ್ತೇತೇನ್ರೀ? ನನಗ ಕಾಣವಲ್ದು," ಎಂದಳು ರತ್ನಾಬಾಯಿ.

ಮೂವರೂ ಶಿವಪುತ್ರನ ಮುಖ ನೋಡಿದರು. ಅವನು ಬಗ್ಗಿದ. ಕೈ ಚಾಚಿದ. ಬಿಸಿ ತಾಗಿತು. ಚಹಾದ ಪಾತ್ರೆ ತೆಗೆದು ಒಲೆಯ ಮೇಲಿಟ್ಟ.

ಮೊದಲ ಚಹಾ ಸಾಬಣ್ಣನಿಗೆ. ಬಸಿಯಲ್ಲಿ ಸುರಿದುಕೊಂಡು, ಕಣ್ಣು ಮುಚ್ಚಿ ಕುಡಿದ. "ನಾಳೆ ಅವ್ವ ಸೀತನಿ ತರ್ತಾಳ್ರಿ. ನನ್ನ ಕೈಗೆ ಕೊಡೂದಿಲ್ಲ, ಕೋಲು ಹಿಡಕೊಂಡ್ರೂ ತಾನ ಬರ್ತೀನಿ ಅಂತಾಳ. ಇವತ್ತಿಂದು ಕೇಳಿದ್ರಂತೂ ಮುಗೀತು, ನಿಮ್ಮ ಕಾಲ ಬಿಡೂದಿಲ್ಲ." ಕಪ್ಪು ತೊಳೆದಿಟ್ಟು ಹೊರಟ.

"ಕಂದೀಲು ಎಲ್ಲಿರೀ?" ಎಂದಳು ರತ್ನಾಬಾಯಿ.

"ಒಳಗ ಬಿತ್ತು."

"ಅಯ್ಯ. ಮುಂಜಾನೆನ ತುಂಬ ಎಣ್ಣಿ ಹಾಕಿದ್ದೆ." ಅಷ್ಟೇ ಅಂದಳು. ಆಮೇಲೆ ಒಲೆಯತ್ತ ತಿರುಗಿ, ನಿಮ್ಮಿಂದ ಇದೊಂದು ಛಲೋ ಆತು ನೋಡ್ರಿ ಎಂದಳು. ಮನಸ್ಸಿನಿಂದಲೇ ಅಂದಳು.

ಅವನು ಅಂಗಳಕ್ಕೆ ಬಂದ. ಎಣ್ಣೆ ಪೂರ್ತಿ ಇದೆ, ಆದರೆ ಈಗ ಸೀಳು ಮುಚ್ಚಿದೆ. ಹಗೇವಿನ ಹೊಟ್ಟೆ ಇಷ್ಟು, ಅದರಲ್ಲಿ ಗಾಳಿ ಇಷ್ಟು, ಕಂದೀಲು ತಾಸಿಗೆ ಇಷ್ಟು ತಿನ್ನುತ್ತದೆ. ಕರಿಹಲಗೆಯ ಮುಂದೆ ಐದು ನಿಮಿಷದ ಕೆಲಸ. ಆದರೆ ಆಳ ಎಷ್ಟೆಂದು ಅವನು ಅಳೆದಿರಲಿಲ್ಲ. ಈಗ ಆರಿರಬಹುದು. ಆರಿರಲಿಕ್ಕಿಲ್ಲ. ಆರಿದ್ದರೆ ಹೇಳಿದ್ದು ನಿಜವಾಯಿತು, ಸ್ವಲ್ಪ ತಡವಾಗಿ. ಉರಿಯುತ್ತಿದ್ದರೆ ಸೇರಿಗೆ ಬೆಳಕು ಬೀಳುತ್ತಿದೆ.

ಒಳಗೆ ರತ್ನಾಬಾಯಿ ಗ್ಯಾಸಿನ ಕಾಕು ತಿರುಗಿಸಿದಳು. ಒಲೆ ಪುಸ್ ಎಂದು ಆರಿದ್ದು ಇಲ್ಲಿಗೂ ಕೇಳಿಸಿತು.

ಶಿವಪುತ್ರ ಕುಕ್ಕರುಗಾಲಲ್ಲಿ ಕೂತು ಭಂಡಾರ ಚೆಲ್ಲಿದ್ದ ಫರಸಿಯ ಮೇಲೆ ಅಂಗೈ ಊರಿದ. ಕಲ್ಲು ಬೆಚ್ಚಗಿತ್ತು. ಇಡೀ ದಿನ ಬಿಸಿಲು ಬಿದ್ದ ಕಲ್ಲು. ತುಸು ಆಚೆ, ಇನ್ನೊಂದು ಫರಸಿಯನ್ನೂ ಮುಟ್ಟಿ ನೋಡಿದರೆ ಬಿಸಿ ಬಿಸಿಲಿನದೋ ಕೆಳಗಿನದೋ ತಿಳಿಯುತ್ತಿತ್ತು.

ಅವನು ಕೈಯನ್ನು ಅಲ್ಲಿಂದ ತೆಗೆಯಲಿಲ್ಲ.