ಎಕರೆಗೆ ನಲವತ್ತೆರಡು ಚೀಲ

ಈ ಸಲದ ಮೇ ತಿಂಗಳಲ್ಲಿ ಸಿಂಧನೂರು ಸುತ್ತಮುತ್ತಲಿನ ರೈತರು ತಮ್ಮ ತಮ್ಮ ಹೊಲಗಳನ್ನು ಬಾಯಿ ತುಂಬ ಬೈದರು. ಬೈದದ್ದು ನನ್ನ ಮುಂದೆ, ನಾನು ಬರೆದುಕೊಳ್ಳಲಿ ಎಂದು.

ನನ್ನ ಕೆಲಸವೇ ಹಾಗಿತ್ತು. ಊರು ಬೆಳೆಯುತ್ತಿದೆ, ಹೊಸ ಬಡಾವಣೆ ಎಲ್ಲಿ ಮಾಡಿದರೆ ಮುಂದಿನ ಐವತ್ತು ವರ್ಷ ಬಾಳಿಕೆ ಬರುತ್ತದೆ ಎಂದು ನೋಡಿ ಹನ್ನೊಂದು ಜಾಗಗಳಿಗೆ ನೂರಕ್ಕೆ ಇಷ್ಟು ಎಂದು ಅಂಕ ಹಾಕಬೇಕು. ಗುತ್ತಿಗೆ ಹಿಡಿದ ಕಂಪನಿ ದೂರದ ಊರಿನದು. ಫಾರಂ ಅವರದು, ಬಿಸಿಲು ನನ್ನದು. ಶಾಲೆ ಎಷ್ಟು ದೂರ, ಬಸ್ಸು ಎಷ್ಟು ಹೊತ್ತಿಗೊಂದು, ಮಳೆ ನೀರು ನಿಲ್ಲುತ್ತದೋ ಹರಿಯುತ್ತದೋ, ಸೈಕಲ್ ದಾರಿಗೆ ಅವಕಾಶವಿದೆಯೇ, ಹೀಗೆ ಇಪ್ಪತ್ನಾಲ್ಕು ಪ್ರಶ್ನೆ. ನಲವತ್ಮೂರು ಡಿಗ್ರಿ ಬಿಸಿಲಲ್ಲಿ ಸೈಕಲ್ ದಾರಿಯ ಪ್ರಶ್ನೆ ಕೇಳುವಾಗ ನನಗೇ ನಾಚಿಕೆಯಾಗುತ್ತಿತ್ತು.

ಆದರೆ ಆ ಫಾರಂನಲ್ಲಿ ಒಂದು ಒಳ್ಳೆಯ ಮಾತಿತ್ತು. ವರ್ಷಕ್ಕೆ ಎರಡು ಬೆಳೆ ಬರುವ ನೀರಾವರಿ ಭೂಮಿಯಾದರೆ ಉಳಿದದ್ದೇನೇ ಇರಲಿ, ಅಂಕ ಸೊನ್ನೆ. ಅನ್ನ ಬೆಳೆಯುವ ನೆಲದ ಮೇಲೆ ಸಿಮೆಂಟು ಸುರಿಯಬಾರದು ಎಂದು ಯಾರೋ ಪುಣ್ಯಾತ್ಮರು ಯೋಚಿಸಿದ್ದರು. ಪಹಣಿಯಲ್ಲಿ ಜೋಳ ಇದ್ದು ಹೊಲದಲ್ಲಿ ಭತ್ತ ಇರುವುದು ನಮ್ಮ ಕಡೆ ಹೊಸದಲ್ಲ. ಅದಕ್ಕೇ ಕಾಗದ ನಂಬದೆ ಹೊಲದಲ್ಲೇ ನಿಂತು ಮಾಲೀಕರ ಹೇಳಿಕೆ ಬರೆದುಕೊಂಡು ಸಹಿ ಹಾಕಿಸಬೇಕು ಎಂದೂ ಇತ್ತು. ಬಡಾವಣೆಯಾದರೆ ಹೊಲಕ್ಕೆ ಪ್ಲಾಟಿನ ಬೆಲೆ. ಸುದ್ದಿ ಹಬ್ಬಿದ್ದೇ ತಡ, ಬೈಗುಳ ಶುರುವಾಯಿತು. ಮಸ್ಕಿ ರಸ್ತೆಯ ಒಬ್ಬರು ತಮ್ಮ ಹೊಲದಲ್ಲಿ ಕತ್ತೆಯೂ ಮೇಯುವುದಿಲ್ಲ ಎಂದು ಆಣೆ ಮಾಡಿದರು. ಅವರ ಬೆನ್ನ ಹಿಂದೆಯೇ ಎರಡು ಎಮ್ಮೆ ಹೊಟ್ಟೆ ತುಂಬ ಮೇಯುತ್ತಿದ್ದವು. ಆಣೆ ಮಾಡಿದ್ದು ಕತ್ತೆಯ ಬಗ್ಗೆಯಾದ್ದರಿಂದ ಸುಳ್ಳು ಎನ್ನಲೂ ಬರಲಿಲ್ಲ.

"ಬೇಟಾ, ಇದೇ ಮಂದಿ ಮಗನಿಗೆ ಹೆಣ್ಣು ಕೇಳಾಕ ಹ್ವಾದ್ರ ಇದೇ ಹೊಲಕ್ಕ ಬಂಗಾರದ ಹೊಲ ಅಂತಾರ," ಎಂದರು ಶಾಕೀರ್ ಮಾಮು. ಮಾಮು ಅಂದರೆ ನನ್ನ ಅಮ್ಮನ ತಮ್ಮ. ಹನ್ನೊಂದು ಜಾಗಕ್ಕೂ ಅವರದೇ ಆಟೋ. ಬಾಡಿಗೆಯ ಜೊತೆಗೆ ಅಭಿಪ್ರಾಯ ಪುಕ್ಕಟೆ.

ಏಳನೆಯ ಜಾಗ ತುರ್ವಿಹಾಳ ರಸ್ತೆಯಲ್ಲಿ, ಬಸವಂತರಾಯ ಎಂಬುವರ ಐದು ಎಕರೆ. ನಾವು ಹೋದಾಗ ಕಾಲುವೆ ಬಂದ್ ಆಗಿತ್ತು. ಹೊಲವನ್ನು ಹಿಂದಿನ ದಿನವಷ್ಟೇ ಟ್ರ್ಯಾಕ್ಟರ್ ಹೊಡೆಸಿ, ಬೇಸಿಗೆ ಬೆಳೆಯ ಒಂದು ಕೂಳೆಯೂ ಕಾಣದಂತೆ ಮಣ್ಣು ಮಾಡಿದ್ದರು. ಬದುವಿನ ಮೇಲೆ ಬೇವಿನ ನೆರಳಲ್ಲಿ ಅವರ ಹೆಂಡತಿ ಪಂಪಮ್ಮ ಮಜ್ಜಿಗೆ ತಂಬಿಗೆ ಇಟ್ಟುಕೊಂಡು ಕೂತಿದ್ದರು.

"ಬಾ ಯವ್ವಾ, ಕುಂದ್ರು. ನಮ್ಮ ಮನ್ಯಾರು ಈಗ ಬರತಾರ. ಕಮಾನಿನ ಚಿತ್ರ ಮರತು ಬಂದಾರಂತ, ತರಾಕ ಹೋಗ್ಯಾರ."

"ಯಾವ ಕಮಾನು, ಅವ್ವಾರ?"

"ಬಸವಂತರಾಯ ನಗರ ಅಂತ ಕಮಾನು. ನಮ್ಮ ತಂಗಿ ಗಂಡ ಆದಪ್ಪ ಲಿಂಗಸುಗೂರಾಗ ಪ್ಲಾಟ್ ಮಾಡಿ ತನ್ನ ಹೆಸರಿಲೆ ಕಮಾನು ಕಟ್ಟಿಸ್ಯಾನ. ಅದನ್ನ ನೋಡಿ ಬಂದಾಗಿಂದ ಇವರಿಗೆ ಉಂಡಿದ್ದು ಅರಗವಲ್ದು."

ನಾನು ನಕ್ಕೆ. ಪಂಪಮ್ಮನೂ ನಕ್ಕರು, ಆದರೆ ಆ ನಗು ಬಹಳ ಹೊತ್ತು ನಿಲ್ಲಲಿಲ್ಲ.

"ಮೂವತ್ತೊಂದು ವರ್ಷ ಆತು ಯವ್ವಾ, ದಿನಾ ಮುಂಜಾನೆ ಇಲ್ಲಿಗೆ ಬರಾಕತ್ತು. ಇದು ಹ್ವಾದ್ರ ನಾ ಎದ್ದು ಎಲ್ಲಿಗೆ ಹೋಗಲಿ? ಅವರಾದ್ರ ಕಮಾನಿನ ಕೆಳಗ ಕುಂತು ಪೇಪರ್ ಓದತಾರ. ನಾ ಏನು ಮಾಡಲಿ?" ಎಂದು ಕೇಳಿ, ನನ್ನ ಫಾರಂ ಕಡೆ ಕೈ ತೋರಿಸಿದರು. "ಈ ಹಾಳಿಯಾಗಿಂದ ನಮ್ಮ ಹೊಲ ಬಿಡಿಸಾಕ ಏನರ ದಾರಿ ಐತೇನು?"

ನಾನು ಯಾರಿಗೂ ಸಲಹೆ ಕೊಡುವಂತಿಲ್ಲ. ಹಾಗಂತ ಕಲ್ಲೂ ಅಲ್ಲ. ಎರಡು ಬೆಳೆಯ ನಿಯಮವನ್ನು ನನಗೆ ನಾನೇ ಓದಿಕೊಂಡ ಹಾಗೆ ಓದಿದೆ, ಸ್ವಲ್ಪ ಜೋರಾಗಿ.

"ಹಂಗಾರ ನಾ ಹೇಳತೀನಿ, ಬರಕೋ."

"ಪಹಣಿ ಅವರ ಹೆಸರಿಲೆ ಐತಲ್ರಿ. ಅವರ ಬಾಯಿಂದನ ಬರಬೇಕು."

ಪಂಪಮ್ಮ ಸ್ವಲ್ಪ ಯೋಚಿಸಿದರು. "ಬರತೈತಿ ತಗೋ," ಎಂದು ನನ್ನ ಲೋಟಕ್ಕೆ ಮಜ್ಜಿಗೆ ಸುರಿದರು.

ಅಷ್ಟರಲ್ಲಿ ಬಸವಂತರಾಯರು ಬೈಕಿನಲ್ಲಿ ಬಂದಿಳಿದರು. ಗರಿಗರಿ ಧೋತರ, ಕಂಕುಳಲ್ಲಿ ಸುತ್ತಿದ ಹಾಳೆ. ನಮಸ್ಕಾರಕ್ಕಿಂತ ಮುಂಚೆ ಬೈಗುಳವೇ ಬಂತು.

"ಮೇಡಂನೋರ, ಮೊದಲ ಹೇಳಿಬಿಡತೀನಿ, ಇದು ದರಿದ್ರ ಹೊಲ. ಸವಳು. ಬರ್ರಿ, ಕಣ್ಣಾರೆ ನೋಡ್ರಿ."

ಮೂಡಣ ಮೂಲೆಗೆ ಕರೆದುಕೊಂಡು ಹೋದರು. ನಿಜ, ಕರಿ ಮಣ್ಣಿನ ಮೇಲೆ ಬೆಳ್ಳಗೆ ಹಿಟ್ಟು ಚೆಲ್ಲಿದಂತೆ ಕಾಣುತ್ತಿತ್ತು. ಕಾಲುವೆ ನೀರು ಜಿನುಗಿ ಉಪ್ಪು ಮೇಲೆದ್ದು ಸವಳಾದ ಹೊಲಗಳು ನಮ್ಮ ಕಡೆ ಬೇಕಾದಷ್ಟಿವೆ. ಅವನ್ನು ಗುರುತಿಸಲು ನಮ್ಮ ಅಜ್ಜಿ ಸುಭಾನಬಿ ಕಲಿಸಿದ ಒಂದೇ ಪರೀಕ್ಷೆ, ನಾಲಗೆ. ಚಿಟಿಕೆ ಎತ್ತಿ ನಾಲಗೆಗೆ ಹಚ್ಚಿದೆ. ಉಪ್ಪಿನ ಸುಳಿವೇ ಇಲ್ಲ, ಹಲ್ಲಿಗೆ ಬರೀ ಕರಕರ. ಕರೆಯದಿದ್ದರೂ ಮಾಮು ಬಂದು ತಾವೂ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡರು.

"ನಮಕ್ ನೈ ಬೇಟಾ. ರಂಗೋಲಿ ಹೈ."

"ಅದಕ್ಕ ನೋಡು, ಮುಂಜಾನೆ ರಂಗೋಲಿ ಡಬ್ಬಿ ಬರಿದಾಗಿತ್ತು. ಇಲಿ ತಿಂದುವೇನೋ ಅನಕೊಂಡಿದ್ದೆ," ಎಂದರು ಪಂಪಮ್ಮ, ಮುಖದಲ್ಲಿ ಒಂದು ಗೆರೆಯೂ ಅಲುಗದಂತೆ.

ನನಗೆ ತಡೆಯಲಾಗಲಿಲ್ಲ. "ಸಾವಕಾರ್ರ, ಸವಳು ತೋರಸಬೇಕಂದ್ರ ಉಪ್ಪ ಹಾಕಬಹುದಿತ್ತಲ್ರಿ."

"ಉಪ್ಪು ಹಾಕಾಕ ನನಗೇನು ತಲಿ ಕೆಟ್ಟೈತೇನ್ರಿ? ಇಂಥಾ ನೆಲಕ್ಕ ಯಾರರ ಉಪ್ಪು ಹಾಕತಾರೇನು!" ಎಂದು ಗುಡುಗಿದವರು, ತಮ್ಮ ಮಾತು ತಮಗೇ ಕೇಳಿಸಿ ಕೆಮ್ಮಿದರು. "ಇಂಥಾ ಅಂದ್ರ ಕೆಟ್ಟ ನೆಲ ಅಂತ. ಕೆಟ್ಟಿದ್ದನ್ನ ಇನ್ನಷ್ಟು ಕೆಡಸಬಾರದಲ್ರಿ."

ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಇವರ ಹೊಲ ಹೆಗ್ಗಣವೂ ಅಲ್ಲ, ಚೆಲುವೆ. ಅದನ್ನು ಕುರೂಪಿ ಎಂದು ಹೇಳಿ ಸಾಗಹಾಕಲು ಬಂದಿದ್ದರು, ಪಾಪ, ಮುಖಕ್ಕೆ ಮಸಿ ಬಳಿಯಲು ಮಾತ್ರ ಮನಸ್ಸು ಬಂದಿರಲಿಲ್ಲ. ಆದರೆ ರಂಗೋಲಿ ಚೆಲ್ಲಿದ್ದಕ್ಕೆ ಫಾರಂನಲ್ಲಿ ಕಾಲಂ ಇರಲಿಲ್ಲ. ನಾನು ಪ್ರಶ್ನೆ ಮುಂದುವರಿಸಿದೆ.

"ವರ್ಷಕ್ಕ ಎಷ್ಟು ಬೆಳಿ?"

"ಒಂದ. ಅದೂ ಬಂದ್ರ ಬಂತು, ಇಲ್ಲಾಂದ್ರ ಇಲ್ಲ."

"ಎಕರೆಗೆ?"

ಅವರು ಹೊಲದ ಕಡೆ ಒಮ್ಮೆ ನೋಡಿದರು. "ಹನ್ನೆರಡು ಚೀಲ."

ಬರೆದೆ. ನಾನು ಬರೆದ ಹನ್ನೆರಡನ್ನು ಅವರು ಕತ್ತು ಚಾಚಿ ಎರಡು ಸಲ ನೋಡಿದರು. ಉಳಿದ ಪ್ರಶ್ನೆಗಳು ಬೇಗ ಮುಗಿದವು. ಶಾಲೆ ಹತ್ತಿರ, ಬಸ್ಸು ರಸ್ತೆಗೇ ಅಂಟಿಕೊಂಡು, ನೀರು ಹಳ್ಳಕ್ಕೆ ತಾನಾಗಿ ಹರಿದು ಹೋಗುವ ಇಳಿಜಾರು. ಕೂಡಿಸಿದರೆ ಎಪ್ಪತ್ತೆಂಟು. ಅಲ್ಲಿಯವರೆಗೆ ನೋಡಿದ ಜಾಗಗಳಲ್ಲಿ ಇದಕ್ಕೇ ಎಲ್ಲಕ್ಕಿಂತ ಹೆಚ್ಚು ಅಂಕ. ಬಸವಂತರಾಯರು ಹಾಳೆ ಬಿಚ್ಚಿ, ಎರಡು ಸಿಂಹಗಳಿದ್ದ ಕಮಾನನ್ನು ಮಾಮುಗೆ ತೋರಿಸತೊಡಗಿದರು. ಒಂದು ಸಿಂಹ ಬೆಕ್ಕಿನ ಹಾಗಿತ್ತು, ಮಾಮು ಅದನ್ನು ಹೇಳಿಯೂ ಬಿಟ್ಟರು.

ಪಂಪಮ್ಮ ಎದ್ದು ಬಂದರು.

"ಯವ್ವಾ, ಹನ್ನೆರಡು ಹೆಚ್ಚಾತು, ಹತ್ತು ಅಂತ ಬರಕೋ."

"ಯಾಕ, ಹನ್ನೆರಡಕ್ಕ ಏನಾಗೈತಿ?" ಎಂದರು ರಾಯರು.

"ನೀವ ಹೇಳಿದ್ರಲ್ಲ, ದರಿದ್ರ ಹೊಲ ಅಂತ. ಹೊಲ ಅಂದ್ರ ವಳಕಮದಿನ್ನಿ ಊರಾಗ ನಮ್ಮ ಆದಪ್ಪಂದು. ಕಮಾನು ಕಟ್ಟಿಸಿದ್ರೂ ಆ ಹೊಲ ಮಾತ್ರ ಬಿಟ್ಟಿಲ್ಲ ಅಂವ. ಮೂವತ್ತೆಂಟು ಚೀಲ ತಗೀತಾನ. ಎಲ್ಲಾರಿಗೂ ಬರತೈತೇನು ಒಕ್ಕಲುತನ? ಕೈಗುಣ ಬೇಕು."

"ಸುಮ್ಮನಿರ ನೀ."

"ಸುಮ್ಮನ ಇರತೀನಿ. ಆದ್ರ ಮೊನ್ನೆ ನಮ್ಮ ತಂಗಿ ಮನ್ಯಾಗ ಆದಪ್ಪ ಅನ್ನಾಕತ್ತಿದ್ದ, ಬಸವಂತಣ್ಣ ಜೀವಮಾನದಾಗ ಭತ್ತಕ್ಕಿಂತ ಜೇಕ ಹೆಚ್ಚು ಬೆಳದಾನ ಅಂತ. ನಾ ಏನು ಅನ್ನಲಿ? ಹೌದಪ್ಪಾ ಅಂದೆ. ಈಗ ಫಾರಂನ್ಯಾಗೂ ಬಂತಲ್ಲ."

ಜೇಕು ಅಂದರೆ ಭತ್ತದ ಗದ್ದೆಯ ಕಳೆ. ನಮ್ಮ ಕಡೆ ಒಬ್ಬ ರೈತನಿಗೆ ಬೇಕಾದರೆ ಕಳ್ಳ ಅನ್ನಿ, ಕುಡುಕ ಅನ್ನಿ, ನಕ್ಕು ಸುಮ್ಮನಾದಾನು. ಜೇಕು ಬೆಳೆದ ಅಂದರೆ ಉಳಿಗಾಲವಿಲ್ಲ. ಬಸವಂತರಾಯರ ಮುಖ ಕೆಂಪಾಯಿತು. ಕಮಾನಿನ ಹಾಳೆಯನ್ನು ಮಾಮುವಿನ ಕೈಗೆ ತುರುಕಿದರು.

"ಮೂವತ್ತೆಂಟು? ಅವನ ಮೂವತ್ತೆಂಟರಾಗ ಎಂಟು ಚೀಲ ಜೊಳ್ಳು! ಮೇಡಂನೋರ, ಹನ್ನೆರಡು ಕಾಟು ಹಾಕ್ರಿ. ಬರಕೊಳ್ರಿ! ಮಳಿಗಾಲಕ್ಕ ಎಕರೆಗೆ ನಲವತ್ತೆರಡು ಚೀಲ. ಬ್ಯಾಸಗಿಗೆ ನಲವತ್ತು!"

"ಎರಡು ಬೆಳಿ?" ಎಂದು ಕೇಳಿದೆ, ಪೆನ್ನು ಎತ್ತಿ ಹಿಡಿದು.

"ಎರಡ! ಯಾರನ್ನ ಬೇಕಾದ್ರೂ ಕೇಳ್ರಿ. ನಮ್ಮ ಸೋನಾ ಭತ್ತದ ಚೀಲ ಬಿಚ್ಚಿದ್ರ ಗಂಜ್ ಮಾರ್ಕೆಟ್ಟಿನ ವ್ಯಾಪಾರಿ ಮೂಸಿ ನೋಡಿ ಹೆಸರು ಹೇಳತಾನ, ಇದು ಬಸವಂತರಾಯಂದು ಅಂತ." ಬಾಗಿ ಒಂದು ಹಿಡಿ ಮಣ್ಣೆತ್ತಿ ನನ್ನ ಅಂಗೈಗೆ ಸುರಿದರು. "ಒಂದು ಕಾಲಕ್ಕ ಖರೇನ ಸವಳಿತ್ರಿ ಇದು. ಬೀಜ ಬಿತ್ತಿದ್ರ ಬೀಜಾನೂ ತಿರುಗಿ ಬರತಿರಲಿಲ್ಲ. ನಾ ಇಲ್ಲಿಂದ ಹಳ್ಳದ ತನಕ ಬಸಿಗಾಲುವಿ ತೋಡಿ, ಉಪ್ಪು ನೀರೆಲ್ಲಾ ಹೊರಗ ಹಾಕಿದೆ. ಗೊಬ್ಬರಕ್ಕಂತ ಒಂದು ತಿಂಗಳು ಕುರಿ ಹಟ್ಟಿ ಹಾಕಿಸಿದೆ. ಆಮ್ಯಾಲ ಬಂತ್ರಿ ಇದು ದಾರಿಗೆ."

ಅವರು ಹೇಳಿದ ಹಾಗೇ ಬರೆದುಕೊಂಡೆ. ಭೂಸುಧಾರಣೆ ಮಾಡಿದ್ದರೆ ಇಸವಿ ನಮೂದಿಸಿ ಎಂದು ಫಾರಂ ಕೇಳುತ್ತದೆ. ಅದಕ್ಕಾಗಿ ಕೇಳಿದೆನೇ ಹೊರತು ನನ್ನ ಮನಸ್ಸಿನಲ್ಲಿ ಬೇರೇನೂ ಇರಲಿಲ್ಲ.

"ಯಾವ ವರ್ಷರೀ ಅದು?"

"ಎರಡು ಸಾವಿರದ ಮೂರು. ಮರೀತೀನೇನ್ರಿ, ನಾ ಬಂಡಿಯಿಂದ ಬಿದ್ದು ಕಾಲು ಮುರಕೊಂಡ ವರ್ಷ..."

ಅಲ್ಲಿಗೆ ನಿಂತರು.

ಕಾಲು ಮುರಿದುಕೊಂಡವನು ಹಳ್ಳದ ತನಕ ಕಾಲುವೆ ತೋಡುವುದಿಲ್ಲ ಎಂಬುದು ಮಾಮುಗೂ ಹೊಳೆದಿರಬೇಕು, ಅವರು ಕೈಯಲ್ಲಿದ್ದ ಕಮಾನಿನ ಹಾಳೆಯನ್ನು ಸುತ್ತಿಡತೊಡಗಿದರು. ಪಂಪಮ್ಮ ಖಾಲಿ ತಂಬಿಗೆಯೊಳಗೆ ನೋಡುತ್ತಿದ್ದರು. ಅವರ ಮುಖದಲ್ಲಿದ್ದ ಗೆದ್ದ ಕಳೆ ಹೋಗಿ ಗಾಬರಿ ಬಂದಿತ್ತು. ಹೊಲ ಉಳಿಸಿಕೊಳ್ಳಲು ಗಂಡನನ್ನು ಕೆಣಕಿದ್ದರು, ಹೊರಗಿನವರ ಮುಂದೆ ತಲೆ ತಗ್ಗಿಸಬೇಕೆಂದಲ್ಲ.

"ಯವ್ವಾ, ಬಿಸಲಾತು, ನೀ ಮುಂದಿನ ಪ್ರಶ್ನಿ ಕೇಳು," ಎಂದರು ಅವಸರದಿಂದ.

"ತಡಿ," ಎಂದರು ಬಸವಂತರಾಯರು. ಬದುವಿನ ಮೇಲೆ ಕೂತರು, ಗರಿಗರಿ ಧೋತರಕ್ಕೆ ಮಣ್ಣಾದೀತು ಎಂಬುದನ್ನೂ ನೋಡದೆ. "ಏಳು ತಿಂಗಳು ಹಾಸಿಗಿ ಮ್ಯಾಲ ಇದ್ದೆ, ಮೇಡಂನೋರ. ಇಕಿ ಇನ್ನಿಬ್ಬರು ಹೆಣ್ಮಕ್ಕಳನ್ನ ಕಟ್ಟಿಕೊಂಡು ತೋಡಿದ್ಲು. ಕುರಿಯವರ ಕೂಡ ಜಗಳಾಡಿ ಹಟ್ಟಿ ಹಾಕಿಸಿದ್ದೂ ಇಕಿನ. ಸೊಂಟದ ಮಟ ಕೆಸರು ಮಾಡಿಕೊಂಡು ಮನಿಗೆ ಬರತಿದ್ಲು. ನಾ ಊಟಕ್ಕ ತಡ ಆತು ಅಂತ ಬೈತಿದ್ದೆ." ಹೆಂಡತಿಯ ಕಡೆ ನೋಡಿ, "ಊರ ಕಟ್ಟಿ ಮ್ಯಾಲ ಇಪ್ಪತ್ತು ವರ್ಷ ನಾನ ಮಾಡಿದೆ ಅಂತ ಹೇಳಿಕೊಂತ ಬಂದೆ. ಇಕಿ ಒಂದಿನಾ ಅಲ್ಲ ಅನ್ನಲಿಲ್ಲ ನೋಡ್ರಿ," ಎಂದರು.

ಕೆಲಸ ಕೆಲಸವೇ. ಹೇಳಿಕೆಯನ್ನು ಓದಿ ಹೇಳಿದೆ: "ಸದರಿ ಜಮೀನು ಮೊದಲು ಸವಳಾಗಿದ್ದು, ನಾನು ಬಸಿಗಾಲುವೆ ತೋಡಿ, ಕುರಿ ಹಟ್ಟಿ ಹಾಕಿಸಿ ಸುಧಾರಿಸಿದ್ದು ಇರುತ್ತದೆ. ಈಗ ವರ್ಷಕ್ಕೆ ಎರಡು ಬೆಳೆ, ಎಕರೆಗೆ ನಲವತ್ತೆರಡು ಚೀಲ."

"ಸಾವಕಾರ್ರ, ಒಂದು ಮಾತು ಹೇಳಬೇಕು. ಇದಕ್ಕ ಸಹಿ ಹಾಕಿದ್ರ ನಿಮ್ಮ ಹೊಲಕ್ಕ ಸೊನ್ನಿ. ಬಡಾವಣಿ ಬರಂಗಿಲ್ಲ. ಬೇಕಂದ್ರ ಕಾಟು ಹಾಕ್ರಿ, ನಿಮಗ ಹಕ್ಕೈತಿ," ಎಂದು ಪೆನ್ನು ಕೊಟ್ಟೆ. ಹೇಳದೆ ಸಹಿ ಹಾಕಿಸಿದ್ದರೆ ಪಂಪಮ್ಮನ ಕೆಲಸ ಸಲೀಸಾಗಿ ಆಗುತ್ತಿತ್ತು. ಅವರು ನನ್ನ ಕಡೆ ನೋಡಿದ ನೋಟವನ್ನು ಎದುರಿಸಲಾಗದೆ ಆಟೋ ಕಡೆ ಮುಖ ತಿರುಗಿಸಿದೆ.

ಬಸವಂತರಾಯರು ಫಾರಂ ತೊಡೆಯ ಮೇಲಿಟ್ಟುಕೊಂಡು ಬಹಳ ಹೊತ್ತು ಓದಿದರು. ಪೆನ್ನು ಕೆಳಗಿಳಿಯಿತು. ಒಂದು ಕಡೆ ಗೀಟು ಎಳೆದರು, ಮೇಲೆ ಏನೋ ಬರೆದರು, ಕೆಳಗೆ ಸಹಿ ಹಾಕಿದರು.

ಪಂಪಮ್ಮ ಬಂದು ಗಂಡನ ಹೆಗಲ ಮೇಲಿಂದ ಬಾಗಿ, ಅಕ್ಷರಗಳ ಕೆಳಗೆ ಬೆರಳಿಟ್ಟು ಓದಿದರು. ನಾನೂ ನೋಡಿದೆ. ನಲವತ್ತೆರಡು ಚೀಲ ಹಾಗೇ ಇತ್ತು, ಎರಡು ಬೆಳೆಯೂ ಇತ್ತು. 'ನಾನು' ಎಂಬುದಕ್ಕೆ ಕಾಟು ಹಾಕಿ, ಅದರ ಮೇಲೆ 'ಪಂಪಮ್ಮ' ಎಂದು ಬರೆದಿದ್ದರು.

ಸೆರಗಿನಿಂದ ಮೂಗು ಒರೆಸಿಕೊಂಡರು ಪಂಪಮ್ಮ. ಆಮೇಲೆ ಬೈಯುವ ಧ್ವನಿ ತರಲು ನೋಡಿದರು, ಸರಿಯಾಗಿ ಬರಲಿಲ್ಲ.

"ಬರೇ ಪಂಪಮ್ಮ ಅಂತ ಬರದ್ರ ಯಾರಿಗೆ ತಿಳೀತೈತಿ? ತುರ್ವಿಹಾಳದಾಗ ಹತ್ತು ಮಂದಿ ಪಂಪಮ್ಮ ಅದಾರ. ಗಂಡನ ಹೆಸರೂ ಹಾಕ್ರಿ."

ಸಾಲಿನಲ್ಲಿ ಜಾಗ ಉಳಿದಿರಲಿಲ್ಲ. ಬಸವಂತರಾಯರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು, ಅಂಚಿನಲ್ಲಿ, ಆದಷ್ಟು ಸಣ್ಣ ಅಕ್ಷರದಲ್ಲಿ ಬರೆದರು: ಗಂಡ ಬಸವಂತರಾಯ.