ಸೋದರಮಾವ ಕಟ್ಟಿದ ಇಳಿಜಾರು

ಆ ಬೆಳಿಗ್ಗೆ ಥ್ಯೋಲೊ ಗುಡ್ಡಗಳ ಮೇಲೆ ಚಿಪೆರೋನಿ ಇಳಿದಿತ್ತು. ಮಳೆಯೂ ಅಲ್ಲದ, ಮಂಜೂ ಅಲ್ಲದ ಆ ಸಣ್ಣ ಹನಿ ಚಹಾ ತೋಟವನ್ನೂ ಶಾಲೆಯ ಅಂಗಳವನ್ನೂ ಒಂದೇ ಸಮನೆ ತೋಯಿಸುತ್ತಿತ್ತು. ಗಾರೆ ಮೇಸ್ತ್ರಿ ನಜೊಂಬೆ ಮಾತ್ರ ಹಿಗ್ಗಿನಲ್ಲಿದ್ದ. ಶಾಲೆಯ ಶೌಚಾಲಯಕ್ಕೆ ಅವನು ಕಟ್ಟಿದ ಇಳಿಜಾರನ್ನು ಇಂದು ತಂಗಿಯ ಮಗಳು ತಿಯಾಮಿಕೆ ಗಾಲಿಕುರ್ಚಿಯಲ್ಲಿ ಹತ್ತುವವಳಿದ್ದಳು.

ಹತ್ತು ವರ್ಷದ ಹುಡುಗಿಗೆ ಕಾಲಲ್ಲಿ ಬಲವಿಲ್ಲ. ದಿನವೂ ತಾಯಿ ಎನೆಲೆಸಿ ಚಹಾ ಕೀಳುವುದನ್ನು ಬಿಟ್ಟು ಓಡಿಬಂದು ಅವಳನ್ನು ಶೌಚಕ್ಕೆ ಎತ್ತಿಕೊಂಡು ಹೋಗಬೇಕು. “ಇನ್ನೊಂದ್ಸಲ ಸಾಲು ಬಿಟ್ಟು ಹೋದ್ರೆ ಕೆಲಸಕ್ಕೇ ಬರಬೇಡ” ಎಂದಿದ್ದ ತೋಟದ ಮೇಲ್ವಿಚಾರಕ. ಅಮ್ಮನಿಗೆ ತೊಂದರೆ ಬೇಡವೆಂದು ಹುಡುಗಿ ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಳು. ಅದರಿಂದಲೇ ಎರಡು ಸಲ ಜ್ವರ ಹಿಡಿದು ಮಲಗಿದಳು. ಅವರ ಮನೆಗಳಲ್ಲಿ ಸೋದರಮಾವನ ಮಾತೇ ಕೊನೆ. ನಜೊಂಬೆ ಹೇಳಿಬಿಟ್ಟಿದ್ದ: “ಇದನ್ನೂ ಹತ್ತೋಕೆ ಆಗ್ದಿದ್ರೆ ಶಾಲೆ ಸಾಕು.”

ಇಟ್ಟಿಗೆ, ಮರಳು ಹೊತ್ತು ತಂದಿದ್ದ ಹೆಂಗಸರೆಲ್ಲ ನೋಡಲು ಸೇರಿದ್ದರು. ನಜೊಂಬೆ ಹಾಕಿದ ನೆಲದಲ್ಲಿ ಮುಖ ನೋಡಿಕೊಳ್ಳಬಹುದು ಎಂದು ಊರೇ ಹೊಗಳುತ್ತಿತ್ತು. ಇಲ್ಲೂ ಅದೇ ನುಣುಪು ಬರುವ ಹಾಗೆ ಉಜ್ಜಿದ್ದ.

ತಿಯಾಮಿಕೆ ಗಾಲಿ ತಿರುವಿದಳು. ಅರ್ಧ ಏರಿ, ಜರ್ರನೆ ಹಿಂದಕ್ಕೆ ಬಂದಳು. ಇನ್ನೊಮ್ಮೆಯೂ ಅದೇ ಆಯಿತು. ಕೆಲಸಕ್ಕೆ ಹೋಗುವ ಮೊದಲು ನೋಡಲು ಬಂದಿದ್ದ ಎನೆಲೆಸಿ ತಲೆ ತಗ್ಗಿಸಿದಳು.

“ನೋಡಿದ್ರಾ? ಇವಳ ಕೈಲಿ ಆಗಲ್ಲ” ಅಂದ ನಜೊಂಬೆ.

“ನಿನ್ನ ಕೈಲಿ ಆಗುತ್ತಾ ಮಾವ? ಬಾ, ಕೂತ್ಕೋ.”

ಆರೋಗ್ಯ ಕಾರ್ಯಕರ್ತೆ ಮೋದೆಸ್ತಾ ನಕ್ಕಳು. “ಕೂತ್ಕೊಳ್ಳಣ್ಣ. ಹೆದರಿಕೆನಾ?”

ಅಷ್ಟು ಜನರ ಮುಂದೆ ಹಿಂಜರಿಯುವುದು ಹೇಗೆ? ಎನೆಲೆಸಿ ಮಗಳನ್ನು ಎತ್ತಿ ಪಕ್ಕದಲ್ಲಿ ಕೂರಿಸಿದಳು; ಅವನು ಕೂತ.

“ಕಾಲು ಊರಬಾರ್ದು ಮಾವ!”

ನಾಲ್ಕು ಸುತ್ತು ತಿರುವುವಷ್ಟರಲ್ಲಿ ಕುರ್ಚಿ ಹಿಂದಕ್ಕೆ ಜಾರಿ, ಮೇಸ್ತ್ರಿಯನ್ನು ಮರಳಿನ ರಾಶಿಗೆ ಉರುಳಿಸಿತು.

“ಅಯ್ಯೋ, ಈ ನೆಲದಲ್ಲಿ ಮೇಸ್ತ್ರಿ ಮುಖ ಎಷ್ಟು ಚೆನ್ನಾಗಿ ಕಾಣ್ತಿದೆ ನೋಡ್ರೇ!” ಹೆಂಗಸರ ನಗು ಗುಡ್ಡಕ್ಕೆ ಮುಟ್ಟಿತು.

ನಜೊಂಬೆ ಮರಳು ಕೊಡವಿಕೊಂಡು ಎದ್ದ. ಆಮೇಲೆ ಅವನೂ ನಕ್ಕ. “ಎಲ್ಲಿ ತಪ್ಪಿದೆ, ಮಗಳೇ?” ಅದುವರೆಗೆ ಅವಳನ್ನು ಯಾರೂ ಕೇಳಿರಲಿಲ್ಲ.

“ತುಂಬ ಕಡಿದು ಮಾವ. ಹನಿ ಬಿದ್ರೆ ಜಾರುತ್ತೆ. ಮೇಲೆ ಕುರ್ಚಿ ತಿರುಗಿಸೋಕೆ ಜಾಗ ಇಲ್ಲ. ಬಾಗಿಲೂ ಕಿರಿದು.”

“ಒಂದು ಗೇಣು ಎತ್ತರಕ್ಕೆ ಹನ್ನೆರಡು ಗೇಣು ಉದ್ದ ಬೇಕಣ್ಣ” ಅಂದಳು ಮೋದೆಸ್ತಾ. “ಹಸಿ ಗಾರೆ ಮೇಲೆ ಅಡ್ಡಡ್ಡ ಪೊರಕೆ ಎಳೆದು ಒರಟು ಮಾಡು. ಒಳಗೆ ಹಿಡ್ಕೊಳ್ಳೋಕೆ ಗಟ್ಟಿ ಕಂಬಿ ಹಾಕು.”

“ಪೊರಕೆ ಗೀರಾ? ನನ್ನ ಕೆಲಸದ ಮೇಲಾ?”

“ನಿನ್ನ ಕೆಲಸದ ಮೇಲೇ! ಬಸುರಿ ಟೀಚರಿಗೂ, ಕೋಲು ಹಿಡಿದ ಅಜ್ಜಂದಿರಿಗೂ ಅದೇ ಒಳ್ಳೇದು.”

ನಜೊಂಬೆ ಹಳೆಯದನ್ನು ಒಡೆದು, ಅವರಿಬ್ಬರೂ ಹೇಳಿದಂತೆಯೇ ಮತ್ತೆ ಕಟ್ಟಿದ. ಎರಡು ವಾರ ಕಳೆದು ಮತ್ತೆ ಹನಿ ಹಿಡಿಯಿತು. ತಿಯಾಮಿಕೆ ಒಬ್ಬಳೇ ಏರಿ, ಒಳಗೆ ಹೋಗಿ, ಬಾಗಿಲು ಹಾಕಿಕೊಂಡಳು. ನಜೊಂಬೆ ಅಂಗಳದಲ್ಲಿ ಬೆನ್ನು ತಿರುಗಿಸಿ ನಿಂತಿದ್ದ, ತುಟಿಯಲ್ಲಿ ಪ್ರಾರ್ಥನೆ. ಹುಡುಗಿ ಸಲೀಸಾಗಿ ಇಳಿದು ಬಂದಳು.

“ಮಾವ, ನಾಳೆಯಿಂದ ಗಂಜಿ ಜೊತೆ ನೀರೂ ಕುಡೀತೀನಿ.”

“ಹೊಟ್ಟೆ ತುಂಬ ಕುಡಿ. ಶಾಲೆ ಬಿಟ್ರೆ ನೋಡು ಮತ್ತೆ!”

ಎನೆಲೆಸಿ ಆ ದಿನ ಚಹಾ ಸಾಲು ಬಿಟ್ಟು ಕದಲಲಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮೂರ ಶಾಲೆಯಲ್ಲೂ ಬಾಯಾರಿಕೆ ತಡೆದು ಕೂತ ಮಗುವೊಂದು ಇರಬಹುದು. ಎಲ್ಲ ಮಕ್ಕಳನ್ನೂ ಕಳಿಸಿದವನು ಒಬ್ಬನೇ ದೇವರು. ಶಾಲೆಯ ಬಾಗಿಲೂ ಎಲ್ಲರಿಗೂ ಒಂದೇ ಆಗಿರಲಿ. ಕಟ್ಟುವ ಮೊದಲು ಆ ಮಗುವನ್ನು ಕೇಳಿ. ಕಟ್ಟಿದ ಮೇಲೆ, ಸಂಕೋಚ ಬಿಟ್ಟು, ನೀವೇ ಒಮ್ಮೆ ಕೂತು ಹತ್ತಿ ನೋಡಿ.