ಬರೆಯದ ದೂರು

ಬಾಯ್ಲರಿನ ತಪಾಸಣೆಗೆ ಬಂದು ಡೆನ್ನಿಸ್ ಟಾಲ್ಸನ್ನನ ಮನೆಯ ಅಟ್ಟದಲ್ಲಿ ಮಂಡಿಯೂರಿ ಕೂತಿದ್ದ ಜಿಲ್ ಮಸ್ಗ್ರೇವ್ ಟಾರ್ಚನ್ನು ಎರಡು ಸಲ ಆರಿಸಿ ಹೊತ್ತಿಸಿದಳು. ಕಣ್ಣೇನೂ ಮೋಸ ಮಾಡಿರಲಿಲ್ಲ. ಕೆಳಗಿನ ಮಲಗುವ ಕೋಣೆಯಲ್ಲಿದ್ದ, ಮನೆ ಬೆಚ್ಚಗಿಡುವ ಗ್ಯಾಸ್ ಬಾಯ್ಲರಿನಿಂದ ಹೊರಟ ಹೊಗೆ ಕೊಳವೆ ಚಾವಣಿ ದಾಟಿ ಹೊರಗೆ ಹೋಗಬೇಕು. ಇಲ್ಲಿ ಅದು ನಡುವೆಯೇ ಕಳಚಿಕೊಂಡಿತ್ತು. ಎರಡು ತುಂಡುಗಳ ಮಧ್ಯೆ ನಾಲ್ಕು ಬೆರಳು ತೂರುವಷ್ಟು ಸಂದು, ಬಿಗಿಯಬೇಕಿದ್ದ ಸ್ಕ್ರೂಗಳ ಸುಳಿವೇ ಇಲ್ಲ. ಕೈಯಲ್ಲಿದ್ದ, ವಿಷಗಾಳಿ ಅಳೆಯುವ ಮೀಟರು ಕಿರುಚತೊಡಗಿತು.

ಅವಳು ದಡದಡ ಇಳಿದು ಬಾಯ್ಲರು ಆರಿಸಿ ಕಿಟಕಿಗಳನ್ನೆಲ್ಲ ತೆರೆದಳು. ಬಾಯ್ಲರಿನ ಮುಚ್ಚಳದ ಒಳಗೆ ಕೂಡಿಸಿದವನ ಹೆಸರಿನ ಚೀಟಿ ಅಂಟಿತ್ತು: ವಿಲ್ಫ್ ರೌಟ್ಲೆಜ್. ಹೋದ ವರ್ಷದ ತಾರೀಖು. ಜಿಲ್‌ಗೆ ಸ್ಪ್ಯಾನರು ಹಿಡಿಯುವುದನ್ನು ಕಲಿಸಿದವನೇ ಈ ವಿಲ್ಫ್. ಹೆಣ್ಣು ಹುಡುಗಿಗೆ ಗ್ಯಾಸಿನ ಕೆಲಸವೇ ಎಂದು ಇಡೀ ವೈಟ್‌ಹೇವನ್ ಊರು ನಕ್ಕಾಗ, ಅವಳನ್ನು ತನ್ನ ವ್ಯಾನಿಗೆ ಹತ್ತಿಸಿಕೊಂಡವನು ಅವನೊಬ್ಬನೇ.

"ಇದನ್ನ ಈಗ್ಲೇ ಕಟ್ ಮಾಡ್ಬೇಕು ಡೆನ್ನಿಸ್. ಅಟ್ಟದ ತುಂಬ ವಿಷಗಾಳಿ. ಇಲ್ಲಿ ಸಹಿ ಹಾಕಿ."

"ನವೆಂಬರ್ ಚಳೀಲಿ? ತಲೆ ನೆಟ್ಟಗಿದ್ಯೇನಮ್ಮಾ? ಇದು ವಿಲ್ಫ್ ಹಾಕಿದ್ದು. ನಿಂಗೆ ಅಕ್ಷರ ತಿದ್ದಿಸಿದೋನು!"

"ಅವ್ರು ಅಟ್ಟ ಹತ್ತಿ ನೋಡಿದ್ರಾ?"

"ಆ ಮಂಡಿ ಇಟ್ಕೊಂಡು ಎಲ್ಲಿ ಹತ್ತೋದು? ಕೆಳಗಿಂದ್ಲೇ ತಳ್ಳಿ ಕೂಡಿಸ್ದ. ಟಕ್ ಅಂತು. ಕೂತ್ಕೊಂತು ಅಂದ. ಇಬ್ರೂ ಟೀ ಕುಡಿದ್ವಿ."

ಟಾಲ್ಸನ್ ಗೊಣಗುತ್ತಲೇ ಸಹಿ ಹಾಕಿದ. ಜಿಲ್ ಗ್ಯಾಸಿನ ಪೈಪು ಬಿಚ್ಚಿ, ಅದರ ಬಾಯಿಗೆ ಮುಚ್ಚಳ ಬಿಗಿದು, ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿದಳು. ಇನ್ನು ಉಳಿದದ್ದು ಗ್ಯಾಸ್ ಕೆಲಸಗಾರರ ನೋಂದಣಿ ಕಚೇರಿಗೆ ದೂರು ಬರೆಯುವುದು. ಬರೆದರೆ ವಾರದೊಳಗೆ ಅವರು ವಿಲ್ಫ್ ಬಾಯ್ಲರು ಕೂಡಿಸಿದ ಪ್ರತಿ ಮನೆಯ ಚಾವಣಿಯನ್ನೂ ತೆರೆದು ನೋಡುತ್ತಾರೆ. ಅಲ್ಲಿಗೆ ಅವನ ಹೆಸರೂ ಮಣ್ಣುಪಾಲು.

ಈ ಕಸುಬಿನವರಲ್ಲಿ ಒಂದು ಹಾಳು ಮರ್ಯಾದೆಯಿದೆ. ಇನ್ನೊಬ್ಬನ ಕೆಲಸದಲ್ಲಿ ತಪ್ಪು ಕಂಡರೆ, ಬರೆಯುವ ಮುಂಚೆ ಅವನಿಗೊಂದು ಫೋನು. ಯಾವ ನಿಯಮದಲ್ಲೂ ಇಲ್ಲ, ಆದರೂ ಎಲ್ಲರೂ ಪಾಲಿಸುತ್ತಾರೆ. ಜಿಲ್ ವ್ಯಾನಿನಲ್ಲಿ ಕೂತು ಫೋನು ಮಾಡಿದಳು.

"ಬರೀಬೇಡ ಕಣೇ," ಎಂದ ವಿಲ್ಫ್. "ಸಂಜೆ ಬರ್ತೀನಿ. ನೀನು ಹತ್ತು, ನಾನು ಏಣಿ ಹಿಡ್ಕೋತೀನಿ. ಸರಿ ಮಾಡಿಬಿಡೋಣ."

"ಹೀಗೆ ಕೆಳಗಿಂದ ಕೂಡಿಸಿದ್ದು ಇನ್ನೆಷ್ಟು ಮನೆ?"

"ಇದೊಂದೇ. ಮಾರ್ಚಿಗೆ ಹೇಗೂ ಕೆಲಸ ನಿಲ್ಲಿಸ್ತೀನಿ. ಐವತ್ತು ವರ್ಷದ ಹೆಸರು ಕಣೇ ಜಿಲ್."

ಆ ಮಂಡಿ ಇಟ್ಟುಕೊಂಡು ಅವನು ಬೇರೆ ಯಾವ ಅಟ್ಟವನ್ನು ತಾನೇ ಹತ್ತಿರುತ್ತಾನೆ? ಸುಳ್ಳೆಂದು ಅವಳಿಗೆ ಆಗಲೇ ಗೊತ್ತಾಯಿತು. ಗೊತ್ತಾಗಲಿಲ್ಲವೆಂದು ಆಮೇಲೆ ತನಗೆ ತಾನೇ ಹೇಳಿಕೊಂಡಳು. ಸಂಜೆ ಹೊಸ ಕೊಳವೆ ಕೂಡಿಸಿ ಸ್ಕ್ರೂ ಬಿಗಿದಳು, ವಿಲ್ಫ್ ಏಣಿ ಹಿಡಿದು ನಿಂತಿದ್ದ. ಟಾಲ್ಸನ್ನನ ಮನೆ ಬೆಚ್ಚಗಾಯಿತು. ದೂರು ಬರೆಯಲಿಲ್ಲ.

ಇಪ್ಪತ್ತೆರಡು ದಿನಗಳ ಮೇಲೆ ಗುಡ್ಡದ ಬೀದಿಯ ನೋರೀನ್ ಪ್ಯಾಟಿನ್ಸನ್, ಆಸ್ಪತ್ರೆಯ ಅಡುಗೆಮನೆಯ ಬೆಳಗಿನ ಪಾಳಿ ಮುಗಿಸಿ ಬಂದು, ತಲೆನೋವೆಂದು ಹೊದ್ದು ಮಲಗಿದಳು. ಸಂಜೆ ಗಂಡ ಅಲನ್ ಇಬ್ಬರಿಗೂ ಮೀನು, ಹುರಿದ ಆಲೂಗಡ್ಡೆ ಕಟ್ಟಿಸಿಕೊಂಡು ಬಂದು ಎಬ್ಬಿಸಿದ. ಅವಳು ಏಳಲಿಲ್ಲ. ಬಾಯ್ಲರಿನ ಮುಚ್ಚಳದೊಳಗೆ ವಿಲ್ಫನ ಚೀಟಿಯಿತ್ತು.

ಸುದ್ದಿ ಕೇಳಿದ ದಿನವೇ ಜಿಲ್ ಅಧಿಕಾರಿಗಳ ಮುಂದೆ ಕೂತು ಎಲ್ಲವನ್ನೂ ಹೇಳಿದಳು, ಟಾಲ್ಸನ್ನನ ಅಟ್ಟವನ್ನೂ, ತಾರೀಖನ್ನೂ. ಆಗ ಚಾವಣಿಗಳು ತೆರೆದವು. ಇನ್ನೂ ಆರು ಮನೆಗಳಲ್ಲಿ ಅದೇ ಸಂದು. ವಿಲ್ಫನ ನೋಂದಣಿ ರದ್ದಾಯಿತು. ಜಿಲ್‌ಗೆ ಒಂದು ಪುಟದ ಎಚ್ಚರಿಕೆ ಪತ್ರ ಬಂತು, ಅಷ್ಟೇ.

ಊರು ಮಾತ್ರ ಅವಳನ್ನು ಬಿಡಲಿಲ್ಲ. ಪಬ್ಬಿನಲ್ಲಿ ಅವಳು ಕೂತ ಮೇಜಿನಿಂದ ಜನ ಎದ್ದು ಹೋದರು. "ಅನ್ನ ಹಾಕಿದ ಕೈ ಕಚ್ಚಿದ್ಲು ನೋಡು," ಎಂದು ಟಾಲ್ಸನ್ ಅವಳಿಗೆ ಕೇಳುವ ಹಾಗೆಯೇ ಹೇಳಿದ. ಅವನ ಜೀವ ಉಳಿಸಿದ್ದೂ ಅವಳೇ, ಅದು ಅವನಿಗೆ ಮರೆತೇಹೋಗಿತ್ತು. ಬಾಯಿಬಿಟ್ಟಳೆಂದು ಎಲ್ಲರೂ ಬೈದರು. ತಡವಾಗಿ ಯಾಕೆ ಬಾಯಿಬಿಟ್ಟೆ ಎಂದು ಒಬ್ಬರೂ ಕೇಳಲಿಲ್ಲ. ಯಾರಾದರೂ ಕೇಳಬಾರದೇ ಎಂದು ಅವಳು ಕಾದಳು.

ಜನವರಿಯ ಒಂದು ಬೆಳಗ್ಗೆ ಅಲನ್ ಪ್ಯಾಟಿನ್ಸನ್ ಅವಳ ಬಾಗಿಲು ತಟ್ಟಿದ. ಒಳಗೆ ಬರಲೊಲ್ಲದೆ ಹೊಸ್ತಿಲಲ್ಲೇ ನಿಂತು ಅವಳ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ.

"ಇಡೀ ಊರಲ್ಲಿ ನಿಜ ಹೇಳಿದ್ದು ನೀನೊಬ್ಳೇ ಕಣಮ್ಮ. ಥ್ಯಾಂಕ್ಸ್ ಹೇಳಿ ಹೋಗೋಣ ಅಂತ ಬಂದೆ."

ನೋರೀನಳ ಸಾವಿನ ವಿಚಾರಣೆ ಇನ್ನೂ ಏಪ್ರಿಲ್‌ಗಿತ್ತು; ತಾರೀಖುಗಳು ಹೊರಬರುವುದು ಅಲ್ಲೇ. ಅಲ್ಲಿಯವರೆಗೆ ಅವಳು ಸುಮ್ಮನಿರಬಹುದಿತ್ತು.

"ಅಲನ್, ಟಾಲ್ಸನ್ ಮನೇದು ನಾನು ಕಂಡಿದ್ದು ನವೆಂಬರ್ ನಾಲ್ಕಕ್ಕೆ. ಅವತ್ತೇ ಬರೀಬೇಕಿತ್ತು. ಬರೀಲಿಲ್ಲ."

"ನಾಲ್ಕಕ್ಕಾ?"

"ನಾಲ್ಕಕ್ಕೆ."

ಅವನು ಬೈಯಲಿಲ್ಲ. ನಿಧಾನವಾಗಿ ಕೈ ಬಿಟ್ಟ.

"ನವೆಂಬರ್ ಹನ್ನೊಂದಕ್ಕೆ ವಿಲ್ಫ್ ನಮ್ಮನೇಗೆ ಬಂದಿದ್ದ," ಎಂದ. "ಸುಮ್ನೆ ಬಂದೆ ಅಂದ. ನೋರೀನ್ ಟೀ ಕೊಟ್ಳು. ಬಹಳ ಹೊತ್ತು ಚಾವಣಿನೇ ನೋಡ್ತಾ ನಿಂತಿದ್ದ. ಯಾರನ್ನಾದ್ರೂ ಹತ್ತಿಸಿ ನೋಡಿಸ್ಬೇಕಾ ಅಂದೆ. 'ಹತ್ತೋಳೊಬ್ಳಿದಾಳೆ. ಒಂದ್ಸಲ ನನ್ನ ಉಳಿಸಿದ್ಲು. ಇನ್ನೊಂದ್ಸಲ ಕರೆದ್ರೆ ದೂರು ಬರೆದೇ ಬಿಡ್ತಾಳೆ' ಅಂದ. ನಂಗಾಗ ಅರ್ಥ ಆಗ್ಲಿಲ್ಲ."

ಅವನು ಟೋಪಿ ಹಾಕಿಕೊಂಡು ಗುಡ್ಡದ ಕಡೆ ನಡೆದ.